ಪಾದೆಹೂವಿನ ಪರವಾಗಿ

ಮೇಡಂ ಮನೆಯವರಾದ ಆಲ್ಫೋನ್ಸ್ ಅವರೇ, ಲವಿಟಾ, ಶಂಕರಪುರದಿಂದ ಬಂದ ಬಂಧುಗಳೇ, ಪ್ರಾಂಶುಪಾಲರೇ, ವಿದ್ಯಾರ್ಥಿಗಳೇ — ಎಲ್ಲರಿಗೂ ನಮಸ್ಕಾರ.

ನಮ್ಮನ್ನು ಅಗಲಿದ ಸಸ್ಯಶಾಸ್ತ್ರ ವಿಭಾಗದ ಶಾರ್ಲೆಟ್ ಮೇಡಂ ಸರಳ, ಸ್ನೇಹಮಯಿ ಎಂದು ನನಗಿಂತ ಮೊದಲು ಮಾತನಾಡಿದವರು ಹೇಳಿದರು. ಸ್ನೇಹಮಯಿ — ಹೌದು. ಸರಳ ಅಲ್ಲ. ಹಟದ ಹೆಂಗಸು. ನಾನು ಆ ಹಟದ ಬಗ್ಗೆ ಮಾತ್ರ ಮಾತನಾಡುತ್ತೇನೆ.

ಮಳೆಗಾಲ ಮುಗಿಯುವಾಗ ಕಾರ್ಕಳದ ಪಾದೆಯ, ಆ ಬರೀ ಕಲ್ಲುಹಾಸಿನ ಮೇಲೆ ಒಂದು ನೀಲಿ ಹೂ ಅರಳುತ್ತದೆ — ಇಷ್ಟೇ, ಕಿರುಬೆರಳಿನ ಉಗುರಿನಷ್ಟು. ಹೂವಿನ ಆಕಾರ ನೋಡಿ ಪುಸ್ತಕಗಳು ಅದನ್ನು ಒಂದು ಕುಲಕ್ಕೆ ಸೇರಿಸಿದ್ದವು. ಮೇಡಂ ಅದರ ಪರಾಗ ನೋಡಿದರು. ಆ ಕುಲದ ಪರಾಗಕಣಕ್ಕೆ ಎರಡು ರಂಧ್ರ. ಇದಕ್ಕೆ ಮೂರು ಸೀಳು.

"ಇದು ಆ ಮನೆಯದ್ದಲ್ಲ," ಎಂದರು. "ದಳದ ಆಕಾರ ಜೇನಿಗೆ ಬೇಕಾದ ಹಾಗೆ ಬದಲಾಗ್ತದೆ. ಪರಾಗದ ಗೋಡೆ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ."

ಮೇಡಂ ಇದನ್ನು ಬರೆದು ಕಳಿಸಿದ ಲೇಖನವನ್ನು ಪತ್ರಿಕೆಯ ಪಂಡಿತರು ಹಿಂದಕ್ಕೆ ಕಳಿಸಿದರು. ಚಿತ್ರದಲ್ಲಿರುವುದು ಮಲ್ಲಿಗೆಯ ಪರಾಗ ಎಂದರು. ಅರ್ಧ ನಿಜ. ಮಲ್ಲಿಗೆಗೂ ಮೂರು ಸೀಳು; ಸೂಕ್ಷ್ಮದರ್ಶಕದ ಆ ಗಾಜಿನ ಮೇಲೆ ಎರಡರ ಪರಾಗವೂ ಇತ್ತು. ನಮ್ಮ ಲ್ಯಾಬಿನಲ್ಲಿ ಯಾರ ಮುಡಿಯಲ್ಲಿ ಮಲ್ಲಿಗೆ ಇರಲಿಲ್ಲ?

ಮರುದಿನ, ಆಗ ವಿದ್ಯಾರ್ಥಿನಿಯಾಗಿದ್ದ ಪ್ರಣೀತಾ ಮುಡಿ ತುಂಬ ಹೂವಿಟ್ಟು ಬಂದು ಬಾಗಿಲಲ್ಲೇ ಸಿಕ್ಕಿಬಿದ್ದಳು.

"ಎಂತ ಮಾರಾಯ್ತಿ, ಮದುವೆಗೆ ಬಂದದ್ದಾ?"

"ಮೇಡಂ, ನಿಮ್ಮ ಶಂಕರಪುರದ್ದೇ ಮಲ್ಲಿಗೆ."

"ನಮ್ಮೂರಿನದ್ದಾದರೆ ಸುಳ್ಳು ಸಾಕ್ಷಿ ಹೇಳಬಹುದಾ? ತೆಗೆದು ಹೊರಗೆ ಇಡು."

ಅಂದಿನಿಂದ ಮೇಡಂ ಬಿರಿಯದ ಮೊಗ್ಗನ್ನೇ ತಂದರು. ಸೂಜಿಯಿಂದ ಸೀಳಿ — ಹೀಗೆ, ಉಸಿರು ಬಿಗಿಹಿಡಿದು — ಹೊರಗಿನ ಗಾಳಿ ಕಾಣದ ಪರಾಗವನ್ನು ಗಾಜಿನ ಮೇಲಿಟ್ಟರು. ಮತ್ತೆ ಮೂರು ಸೀಳು. ಗೋಡೆಯ ತುಂಬ ಮುಳ್ಳು. ಮಲ್ಲಿಗೆಯ ಪರಾಗಕ್ಕೆ ಮುಳ್ಳಿಲ್ಲ. ವರ್ಷ ವರ್ಷವೂ ಅದನ್ನೇ ಮಾಡಿದರು. ವರ್ಷ ವರ್ಷವೂ ಅದೇ ಉತ್ತರ. ಪಂಡಿತರು ಮಾತ್ರ ಮತ್ತೆ ನೋಡಲಿಲ್ಲ.

ಈಗ ಕಾಲೇಜಿಗೆ ಆ ಲ್ಯಾಬಿನ ಕೋಣೆ ಬೇಕಂತೆ. ಸ್ಮಾರ್ಟ್ ಕ್ಲಾಸ್. ಸೋಮವಾರ ಮೇಡಂ ಗಾಜುಗಳಿರುವ ಕಪಾಟು ಖಾಲಿ ಮಾಡಬೇಕಂತೆ. "ಹಳೇ ಗಾಜು, ಯಾರು ನೋಡ್ತಾರೆ?" ಎಂದು ನನ್ನನ್ನು ಕೇಳಿದರು.

ನಾವು ನೋಡುತ್ತೇವೆ. ಆ ಗಾಜು ಹೋದರೆ ಪಾದೆಯ ಹೂವಿಗೆ ಹಳೆಯ ಹೆಸರೇ ಗತಿ. ಮೇಡಂ ಮಲ್ಲಿಗೆಯ ಊರು ಶಂಕರಪುರದವರಾಗಿಯೂ ಮಲ್ಲಿಗೆಯನ್ನು ಗುರುತಿಸಲಾರದೆ ಸತ್ತ ಹೆಂಗಸಾಗಿ ಉಳಿಯುತ್ತಾರೆ. ಅದಕ್ಕೆ ನಾನು ಒಪ್ಪುವುದಿಲ್ಲ. ಕಪಾಟಿನ ಕೀಲಿಕೈ ನನ್ನಲ್ಲಿ ಉಂಟು. ಕೊಡುವುದಿಲ್ಲ — ಸೋಮವಾರವೂ ಇಲ್ಲ, ಆಮೇಲೂ ಇಲ್ಲ. ಪ್ರಣೀತಾ ಈಗ ನಮ್ಮ ವಿಭಾಗದಲ್ಲೇ ಪಾಠ ಮಾಡುತ್ತಾಳೆ. ನಾವಿಬ್ಬರೂ ಆ ಲೇಖನವನ್ನು ಮತ್ತೆ ಬರೆದು ಕಳಿಸುತ್ತೇವೆ, ಮೇಡಂ ಹೆಸರನ್ನು ಮೊದಲು ಹಾಕಿ.

ಇನ್ನು ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಪ್ರಾಂಶುಪಾಲರೇ, ನೀವೂ. ಮೌನ ಎಂದರೆ ಸಮ್ಮತಿ ಎನ್ನುತ್ತಾರೆ — ಈ ಒಂದು ನಿಮಿಷ ನನ್ನ ಮೌನವನ್ನು ಯಾರೂ ಹಾಗೆ ತಿಳಿಯಬಾರದು.