ಹದಿನಾರನೇ ಕಿಲೋಮೀಟರಿನ ಹಗ್ಗ

ನಗಬೇಡಿ ಭಾವ, ನಗಬೇಡಿ... ತಂತಿ ಕಿತ್ಕೊಂಡು ಬರುತ್ತೆ. ದವಡೆ ಎರಡು ಕಡೆ ಮುರಿದಿದೆ, ಆರು ವಾರ ಬಾಯಿ ಬಿಡೋ ಹಾಗಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ನೀವು ನೋಡಿದ್ರೆ ಕಣ್ಣಲ್ಲೇ ಕಿಸಿಕಿಸಿ ಅಂತಿದ್ದೀರಾ. ಏನು, ನನ್ನ ಕೈಗೆ ಸುತ್ತಿರೋ ಬ್ಯಾಂಡೇಜ್ ನೋಡಿ ನಗುನಾ? ಇದು ಬಿದ್ದ ಗಾಯ ಅಲ್ಲ, ಹೊಡೆದ ಗಾಯ. ಆ ಸೀಟಿ ಮೇಷ್ಟ್ರ ಹಲ್ಲು ತಾಗಿ ಗೆಣ್ಣು ಸೀಳ್ತು. ಅವನಿಗೆ ಮೂರು ಹಲ್ಲು ಹೋಯ್ತು, ನನಗೆ ಮೂರು ಹೊಲಿಗೆ ಬಿತ್ತು. ಲೆಕ್ಕ ಸರಿಹೋಯ್ತು ಬಿಡಿ.

ಸರಿ, ನಗ್ತಿಲ್ಲ ಅಂತೀರಾ... ಆಯ್ತು. ಬೆಳಕು ಕಣ್ಣಿಗೆ ಬೀಳ್ತಿರಬೇಕು. ಪರದೆ ಎಳೀಲಾ?

ಅಕ್ಕ ಕೆಳಗೆ ಜ್ಯೂಸ್ ತರೋಕೆ ಹೋಗಿದ್ದಾಳೆ. ಅವಳು ಬರೋದ್ರೊಳಗೆ ಒಂದು ಕೆಲಸ ಮುಗಿಸ್ಬಿಡೋಣ. ಸಣ್ಣ ಕೆಲಸ. ನಾಲ್ಕು ಗಂಟೆಗೆ ನಿಮ್ಮ ಹೇಳಿಕೆ ತಗೊಳ್ಳೋಕೆ ಹೆಡ್ ಕಾನ್ಸ್‌ಟೇಬಲ್ ಬರ್ತಾರೆ. ನೀವು ಮಾತಾಡೋ ಹಾಗಿಲ್ಲ, ಬಲಗೈಗೆ ಪ್ಲಾಸ್ಟರ್, ಹಾಗಾಗಿ ನಾನೇ ಎಲ್ಲಾ ಬರೆದು ತಂದಿದ್ದೀನಿ. ಇಲ್ಲಿ ನೋಡಿ, 'ಓಡುತ್ತಿದ್ದಾಗ ಮೇಷ್ಟ್ರು ಹಿಂದಿನಿಂದ ಸೈಕಲ್ ಗುದ್ದಿಸಿದ್ದರಿಂದ ನಾನು ಕಲ್ಲಿನ ಮೇಲೆ ಬಿದ್ದೆ.' ಅಷ್ಟೇ. ಎಡಗೈ ಹೆಬ್ಬೆಟ್ಟು ಒತ್ತಿದ್ರೆ ಸಾಕು. ಇಂಕ್ ಪ್ಯಾಡ್ ಕೂಡ ತಂದಿದ್ದೀನಿ, ಗ್ಯಾರೇಜಿನ ಮಾಲೀಕರ ಮೇಜಿನಿಂದ ಎತ್ಕೊಂಡು ಬಂದೆ.

ಯಾಕೆ ಹಾಗೆ ನೋಡ್ತೀರಾ? ಅಕ್ಷರ ಚೆನ್ನಾಗಿಲ್ವಾ? ಟಿಂಕರಿಂಗ್ ಮಾಡೋ ಕೈ ಭಾವ ಇದು, ಸುತ್ತಿಗೆ ಹಿಡಿಯೋದು. ನಿಮ್ಮ ಥರ ಬಟ್ಟೆ ಮೇಲೆ ಚಾಕ್ ಹಿಡಿದು ನಾಜೂಕಾಗಿ ಗೆರೆ ಎಳೆಯೋಕೆ ಬರುತ್ತಾ ನನಗೆ.

...ಆ ಕೈ ಸರಿಹೋಗುತ್ತಂತೆ. ಡಾಕ್ಟ್ರು ಹೇಳಿದ್ರು. ಮೊದಲಿನ ಹಾಗೆ ಗುಂಡಿ ಕಾಜಾ ಹೊಲಿಯೋಕೆ ಆಗುತ್ತೋ ಇಲ್ವೋ ಅದು ಮಾತ್ರ ಈಗ್ಲೇ ಹೇಳೋಕಾಗಲ್ಲ ಅಂದ್ರು. ಆ ಮಾತು ಅಕ್ಕನಿಗೆ ಹೇಳಿಲ್ಲ ನಾನು.

ಏನೂ ನೆನಪಿಲ್ವಾ ನಿಮಗೆ? ತಲೆಗೆ ಪೆಟ್ಟು ಬಿದ್ರೆ ಬೀಳೋಕೆ ಮುಂಚಿನದೆಲ್ಲ ಅಳಿಸಿ ಹೋಗುತ್ತೆ ಅಂತ ನರ್ಸ್ ಹೇಳ್ತಿದ್ರು. ಹೌದು ಅಂದ್ರೆ ಕಣ್ಣು ಮುಚ್ಚಿ. ಇಲ್ಲ ಅಂದ್ರೆ... ಏನೂ ಇಲ್ವಾ? ಸರಿ. ನಾನೇ ಹೇಳ್ತೀನಿ, ಕೇಳಿ.

ಮೊನ್ನೆಯ ಓಟ ಹದಿಮೂರನೇ ಕಿಲೋಮೀಟರ್ ತನಕ ಚೆನ್ನಾಗೇ ಇತ್ತು. ನನ್ನ ಪಾಲಿಗೆ ಚೆನ್ನಾಗಿ ಅಂದ್ರೆ ಗೊತ್ತಲ್ಲ, ನಾಲಿಗೆ ಹೊರಗೆ ಬಂದಿರಲಿಲ್ಲ ಅಷ್ಟೇ. ನೂರಾ ನಾಲ್ಕು ಕೆಜಿ ಹೊತ್ಕೊಂಡು ಓಡೋದು ಅಂದ್ರೆ ಹುಡುಗಾಟನಾ. ಹಿಂದೆ, ಹಿಂದುಳಿದವರನ್ನ ಎತ್ಕೊಳ್ಳೋ ಬಸ್ಸು. ಆ ಹಾಳು ಬಸ್ಸು... ಕಿಲೋಮೀಟರಿಗೆ ಎಂಟೂವರೆ ನಿಮಿಷ, ಒಂದು ಚೂರು ಹೆಚ್ಚಿಲ್ಲ, ಕಮ್ಮಿ ಇಲ್ಲ. ಗುರ್ ಗುರ್ ಗುರ್ ಅಂತ ಬೆನ್ನ ಹಿಂದೆ. ಅದು ನಮ್ಮನ್ನ ದಾಟಿದ್ರೆ ಮುಗೀತು, ಹತ್ತಿ ಕೂತ್ಕೋಬೇಕು. ಬಸ್ಸಿನ ಮುಂದೆ ಆ ಸೀಟಿ ಮೇಷ್ಟ್ರು, ಸೈಕಲ್ ಮೇಲೆ, ಡ್ರಿಲ್ ಮಾಡಿಸೋನ ಥರ ಪೀ ಪೀ ಅಂತ ಊದ್ಕೊಂಡು. 'ಬೇಗ ಬೇಗ, ಹದಿನಾರನೇ ಕಿಲೋಮೀಟರ್ ಗೇಟಲ್ಲಿ ಹಗ್ಗ ಎಳೆದು ದಾರಿ ಮುಚ್ತಾರೆ, ಎರಡು ಗಂಟೆ ಹದಿನಾರು ನಿಮಿಷಕ್ಕೆ.' ಪ್ರತಿ ಸಲ ಅವನು ಊದಿದಾಗ್ಲೂ ಆ ಸೀಟಿ ಕಿತ್ಕೊಂಡು ಅವನ ಗಂಟಲೊಳಗೇ ತುರುಕಬೇಕು ಅನ್ನಿಸ್ತಿತ್ತು.

ನೀವು ಎರಡು ಗಂಟೆಯೊಳಗೆ ಪೂರ್ತಿ ಇಪ್ಪತ್ತೊಂದು ಕಿಲೋಮೀಟರ್ ಮುಗಿಸಿ ಮನೆಗೆ ಹೋಗಿ ಸ್ನಾನ ಮಾಡೋ ಮನುಷ್ಯ. ನನ್ನ ಜೊತೆ ನಿಂತ್ರಿ. ಜೊತೆ ಏನು, ಒಂದು ಹೆಜ್ಜೆ ಹಿಂದೆ. ಕೊನೆಯವನು ಅನ್ನೋ ಹೆಸರು ನನಗೆ ಬರಬಾರದು ಅಂತ. ಗೊತ್ತಿತ್ತು ನನಗೆ. ಗೊತ್ತಿಲ್ಲದವನ ಥರ ಓಡ್ತಿದ್ದೆ.

ಎರಡು ವರ್ಷ ಭಾವ. ಎರಡು ವರ್ಷವೂ ಆ ಬಸ್ಸು ನುಂಗಿತ್ತು ನನ್ನ. ಗ್ಯಾರೇಜಲ್ಲಿ ಏನಂತ ಕರೀತಾರೆ ಗೊತ್ತಲ್ಲ ನಿಮಗೆ... 'ಬಸ್ ಪಾಸ್'. ನನ್ನ ಫೋಟೋ ಅಂಟಿಸಿ ನಿಜವಾದ ಬಸ್ ಪಾಸ್ ಥರ ಮಾಡಿ ಗೋಡೆಗೆ ಹೊಡೆದಿದ್ದಾರೆ. ಗಾಡಿ ಬಿಡೋಕೆ ಬಂದ ಗಿರಾಕಿಗಳೂ ಅದನ್ನ ಓದಿ ನಗ್ತಾರೆ. ನನ್ನ ಹೆಂಡ್ತಿ ತಮ್ಮನ ಮದುವೇಲಿ ಯಾರೋ ಮೈಕಲ್ಲಿ ಹೇಳಿದ್ರು, 'ಬಸ್ ಪಾಸ್ ಅವರು ವೇದಿಕೆಗೆ ಬರಬೇಕು' ಅಂತ. ನಕ್ಕೆ. ನಾನೂ ನಕ್ಕೆ. ಮನೆಗೆ ಬಂದು ಬಾತ್‌ರೂಮ್ ಬಾಗಿಲು ಒದ್ದು ಮುರಿದೆ.

ಅದಿರಲಿ. ಹದಿನೈದು ದಾಟಿದ ಮೇಲೆ ಕಾಲು ಕೈ ಕೊಡ್ತು. ತೊಡೆ ಕಲ್ಲಾಗೋಯ್ತು. ತಿರುಗಿ ನೋಡಿದೆ, ಬಸ್ಸು ನೂರು ಹೆಜ್ಜೆ ದೂರ. ಮುಂದೆ ಗೇಟು ನಾನೂರು ಮೀಟರ್. ಆಗಲ್ಲ. ಗ್ಯಾರೆಂಟಿ ಆಗಲ್ಲ. ಇಷ್ಟರಲ್ಲಿ ಏನಾಯ್ತು, ಆ ಮೇಷ್ಟ್ರು ಸೀಟಿ ಊದ್ಕೊಂಡು ಪಕ್ಕಕ್ಕೆ ಬಂದ, ಎಲ್ಲಿ ನೋಡ್ಕೊಂಡು ತುಳೀತಿದ್ನೋ, ನಿಮಗೆ ಗುದ್ದೇಬಿಟ್ಟ. ನೀವು ನನ್ನ ಹಿಂದೆ ಇದ್ರಿ. ಧಡ್ ಅಂತ ಸದ್ದು ಕೇಳಿಸ್ತು. ತಿರುಗಿದ್ರೆ... ರಸ್ತೆ ಅಂಚಿನ ಕಲ್ಲಿಗೆ ನಿಮ್ಮ ಗದ್ದ ಬಡಿದು... ಆ ಸದ್ದು ಈಗಲೂ ಕಿವೀಲಿದೆ. ಒಣ ಕಟ್ಟಿಗೆ ಮಂಡಿ ಮೇಲಿಟ್ಟು ಮುರಿದ ಹಾಗೆ. ಬಾಯಿಂದ ರಕ್ತ, ರಕ್ತದ ಜೊತೆ ಹಲ್ಲಿನ ಚೂರು.

ಕೈ ಎತ್ತಿದ್ರಿ ನೀವು. ಹೋಗು, ಓಡು ಅಂತ ಕೈ ಬೀಸಿದ್ರಿ. ಅದಕ್ಕೇ ನಾನು ಹೋಗಿದ್ದು. ನೀವೇ ಹೇಳಿದ್ದಕ್ಕೆ. ಬಸ್ಸು ನಿಮ್ಮ ಹತ್ರ ನಿಲ್ತು. ಯಾರಾದ್ರೂ ಬಿದ್ರೆ ನಿಲ್ಲಿಸಲೇಬೇಕು ಅಂತ ರೂಲ್ ಇದೆ, ಬಿದ್ದವರನ್ನ ಎತ್ಕೊಳ್ಳದೆ ಮುಂದೆ ಬರೋ ಹಾಗಿಲ್ಲ. ಗೇಟಲ್ಲಿ ಹಗ್ಗ ಹಿಡಿದೋರು ಗಡಿಯಾರ ನೋಡಲ್ಲ ಭಾವ, ಬಸ್ಸಿನ ಮೂತಿ ಕಂಡ ಮೇಲೇ ಎಳೆಯೋದು. ಬಸ್ಸು ಆರು ನಿಮಿಷ ತಡ. ನಾನು ಕುಂಟ್ಕೊಂಡು ದಾಟಿದೆ.

ಇದೆಲ್ಲ ನನಗೆ ಹೇಗೆ ಗೊತ್ತು ಅಂತನಾ? ಹೋದ ವರ್ಷ ಬಸ್ಸೊಳಗೇ ಕೂತಿದ್ನಲ್ಲ. ಯಾರೋ ಹೆಂಗಸಿಗೆ ಕಾಲು ಹಿಡ್ಕೊಂಡು ಬಿದ್ರು, ಬಸ್ಸು ನಿಲ್ತು, ಮುಂದೆ ಇದ್ದ ಹತ್ತು ಜನ ದಾಟ್ಕೊಂಡ್ರು. ಕಿಟಕೀಲಿ ನೋಡ್ತಾ ಕೂತಿದ್ದೆ. ಬಸ್ಸಲ್ಲಿ ಕೂತವನಿಗೆ ಮಾತ್ರ ಗೊತ್ತಾಗೋ ವಿಷಯ ಅದು.

...ಸುಮ್ನೆ ಹೇಳಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ.

ಉಳಿದ ಐದು ಕಿಲೋಮೀಟರ್ ಹೇಗೋ ಮುಗಿಸ್ದೆ, ಮೆಡಲ್ ಹಾಕಿದ್ರು. ಕುತ್ತಿಗೆಗೆ ಮೆಡಲ್ ಬಿತ್ತು, ಅಷ್ಟರಲ್ಲಿ ಆ ಮೇಷ್ಟ್ರು ಸೈಕಲ್ ತಳ್ಕೊಂಡು ಹುಡುಕ್ಕೊಂಡು ಬಂದ. ತಪ್ಪಾಯ್ತು ಅಂತ ಹೇಳೋಕೆ ಬಂದಿರಬೇಕು. ನನ್ನ ರಕ್ತ ಕುದ್ದುಹೋಯ್ತು. ಬಾಯಿಗೇ ಬಿಟ್ಟೆ ಒಂದು. 'ಈ ನನ್ಮಗ ನಮ್ಮ ಭಾವನಿಗೆ ಸೈಕಲ್ ಗುದ್ದಿ ಕೊಂದ' ಅಂತ ಕೂಗಿದೆ. ಜನಕ್ಕೇನು, ಒಬ್ಬ ಶುರು ಮಾಡಿದ್ರೆ ಸಾಕು. ಓಡಿ ಸುಸ್ತಾಗಿದ್ದೋರಿಗೆಲ್ಲ ಎಲ್ಲಿಂದ ಶಕ್ತಿ ಬಂತೋ. ಒದ್ರು. ತುಳಿದ್ರು. ಅವನ ಸೈಕಲ್ಲಿನ ಪಂಪು ಕಿತ್ಕೊಂಡು ನಾನು ತಲೆಗೆ... ಎಷ್ಟು ಹೊಡೆದ್ನೋ ಲೆಕ್ಕ ಇಟ್ಟಿಲ್ಲ. ಬಾಗಿದ ಬಾನೆಟ್ ತಟ್ಟೋ ಹಾಗೆ ತಟ್ಟಿದೆ. ಪಂಪೇ ಬಾಗೋಯ್ತು.

ಅವನೂ ಇದೇ ಆಸ್ಪತ್ರೇಲಿದ್ದಾನೆ. ಎರಡು ಮಹಡಿ ಮೇಲೆ. ಇನ್ನೂ ಪೂರ್ತಿ ಎಚ್ಚರ ಇಲ್ಲ. ಅವನ ಹೆಂಡ್ತಿ ಮೆಟ್ಟಿಲ ಹತ್ರ ಬೆಂಚಲ್ಲಿ ಕೂತಿರ್ತಾಳೆ, ಅವನ ಚಪ್ಪಲಿ ತೊಡೆ ಮೇಲೆ ಇಟ್ಕೊಂಡು. ನಾನು ಲಿಫ್ಟಲ್ಲಿ ಬರ್ತೀನಿ.

ಹಾಗೆ ನೋಡ್ಬೇಡಿ ಅಂದೆ. ನಿಮಗೋಸ್ಕರ ಹೊಡೆದಿದ್ದು ನಾನು. ಬೇರೆಯವರ ಬಾಮೈದ ಆಗಿದ್ರೆ ಮೆಡಲ್ ಹಾಕ್ಕೊಂಡು ಫೋಟೋ ತೆಗೆಸ್ಕೊಂಡು ಮನೆಗೆ ಹೋಗ್ತಿದ್ದ. ನಾನು ಆ ಕ್ಷಣದಲ್ಲಿ ಏನು ನೋಡ್ದೆ ಗೊತ್ತಾ ನಿಮಗೆ? ಕಣ್ಣು ಮುಚ್ಚಿದ್ರೆ ಅದೇ ಬರುತ್ತೆ. ಬೆವರು ನಿಮ್ಮ ಬೆನ್ನ ಮೇಲೆ, ಅಕ್ಕ ಹೊಲಿದ ಆ ನೀಲಿ ಬನಿಯನ್ನಿನ ಮೇಲೆ, ಉದ್ದಕ್ಕೆ ಇಳಿದಿತ್ತು. ಭುಜದ ಮೂಳೆ ಎರಡೂ ಎದ್ದು ಕಾಣ್ತಿದ್ವು, ಅಷ್ಟು ಹತ್ತಿರ...

ಏನು?

ಏನು ಹುಬ್ಬು ಏರಿಸೋದು? ಹೌದು, ಬೆನ್ನು. ನಿಮ್ಮ ಬೆನ್ನು. ನೀವು ಹಿಂದೆ ಇದ್ರಿ... ನಾನು ತಿರುಗಿದಾಗ ಕಂಡಿದ್ದು. ಬಿದ್ದಾಗ. ಬಿದ್ದಾಗ ಬೆನ್ನು ಮೇಲೆ ಬರಲ್ವಾ? ಮಕಾಡೆ ಬಿದ್ರೆ ಬೆನ್ನೇ ಕಾಣೋದು. ಏನೋ ದೊಡ್ಡ ವಕೀಲರ ಹಾಗೆ ನೋಡ್ತಾರೆ...

ಕೊಡಿ ಹೆಬ್ಬೆಟ್ಟು. ಕೊಡಿ ಅಂದೆ. ಹೊತ್ತಾಯ್ತು. ಮುಷ್ಟಿ ಯಾಕೆ ಬಿಗಿ ಹಿಡೀತೀರಾ? ಬಿಡಿ. ಬಿಡ್ರೀ ಭಾವ. ನನ್ನ ಕೈಬಲ ಗೊತ್ತಲ್ಲ, ಒಂದೊಂದೇ ಬೆರಳು ಬಿಡಿಸ್ತೀನಿ, ಮುರಿದ್ರೆ ಆಮೇಲೆ ನನ್ನ ಬೈಕೋಬೇಡಿ. ಈ ಕಿರುಬೆರಳು... ಈ ಉಂಗುರದ ಬೆರಳು... ಕೂಗೋಕಾಗಲ್ಲ ನಿಮಗೆ, ಅಲ್ವಾ? ಗಂಟಲಲ್ಲೇ ಗೊರಗೊರ ಅಂತಿದೆ. ನೋಯ್ತಿದ್ರೆ ಕೈ ಎಳ್ಕೊಳ್ಳಿ. ಎಳ್ಕೊಳ್ರೀ. ಕೆನ್ನೆಗೆ ಹೊಡೀರಿ. ಏನಾದ್ರೂ ಮಾಡ್ರೀ... ಕಲ್ಲಿನ ಥರ ಮಲಗಿ ನೋಡ್ತಾ ಇರ್ತೀರಲ್ಲ...

ನೆನಪಿದೆ ನಿಮಗೆ.

ಮೊದಲಿಂದ್ಲೂ ನೆನಪಿದೆ.

ಮೂರು ದಿನದಿಂದ ಅಕ್ಕ ಪಕ್ಕದಲ್ಲೇ ಇದ್ಲು. ಎಡಗೈಲಿ ಒಂದು ಸಾಲು ಗೀಚಿದ್ರೂ ಸಾಕಿತ್ತು. ಗೀಚಲಿಲ್ಲ ನೀವು.

ಸರಿ. ಕೇಳಿಬಿಡಿ ಹಾಗಾದ್ರೆ. ನಾನೇ ಹೇಳಿದ್ದು, 'ಭಾವ, ನೀವು ಮುಂದೆ ಹೋಗಿ, ನಿಮ್ಮ ಬೆನ್ನು ನೋಡ್ಕೊಂಡು ಓಡ್ತೀನಿ' ಅಂತ. ನೀವು ಖುಷಿಯಾಗಿ ಮುಂದೆ ಬಂದ್ರಿ. ಇವನಿಗೆ ಹುರುಪು ಬಂತು ಅಂದ್ಕೊಂಡ್ರೇನೋ. ಕಲ್ಲಿನ ಅಂಚು ಬರೋ ತನಕ ಕಾದೆ. ಕಾದೆ ಭಾವ. ಆಮೇಲೆ ಎರಡೂ ಕೈ ಸೇರಿಸಿ, ಮೈಯಲ್ಲಿದ್ದ ಅಷ್ಟೂ ಕೆಜಿ ಹಾಕಿ ನೂಕಿದೆ. ಮಂಡಿ ತರಚ್ಕೊಂಡು ಬೀಳ್ತೀರಾ, ಬಸ್ಸು ಎರಡು ನಿಮಿಷ ನಿಲ್ಲುತ್ತೆ, ಆಮೇಲೆ ಕಾಲು ಹಿಡಿದು ಹೊಟ್ಟೆಗೆ ಹಾಕ್ಕೊಳ್ಳಿ ಅನ್ನೋಣ ಅಂತ... ನಿಮ್ಮ ಗದ್ದ ಕಲ್ಲಿಗೆ ಸಿಗುತ್ತೆ ಅಂತ ಯಾರಿಗೆ ಗೊತ್ತಿತ್ತು.

ನೀವು ಓಡು ಅಂತ ಕೈ ಬೀಸಲಿಲ್ಲ. ಎತ್ತು ಅಂತ ಕೈ ಚಾಚಿದ್ರಿ. ನೋಡ್ದೆ. ನೋಡಿ ಓಡಿದೆ. ಆ ಐದು ಕಿಲೋಮೀಟರ್ ಪೂರ್ತಿ ಬಾಯಲ್ಲಿ ಕೆಟ್ಟ ಕೆಟ್ಟ ಬೈಗುಳ ಬೈಕೊಂಡು ಓಡಿದೆ, ಯಾರಿಗೆ ಅಂತ ಗೊತ್ತಿಲ್ಲ.

ಆ ಮೇಷ್ಟ್ರು ಹಿಂದೇನೇ ಇದ್ದ. ಎಲ್ಲಾ ನೋಡಿದ್ದ. ತಪ್ಪಾಯ್ತು ಅನ್ನೋಕೆ ಬಂದಿದ್ದಲ್ಲ ಅವನು. ನನ್ನ ಭುಜ ಹಿಡಿದು ಮೆತ್ತಗೆ ಕೇಳ್ದ. 'ಯಾಕಪ್ಪಾ ನೂಕಿದೆ ಅವರನ್ನ?' ಅಂತ. ಅಪ್ಪಾ ಅಂದ. ಎರಡನೇ ಸಲ ಕೇಳೋಕೆ ಬಾಯಲ್ಲಿ ಹಲ್ಲಿರಲಿಲ್ಲ ಅವನಿಗೆ. ಈಗ ಅವನು ಎದ್ದು ಹೇಳಿದ್ರೂ ಯಾರೂ ನಂಬಲ್ಲ. ತಪ್ಪು ಮಾಡಿದವನು ಇನ್ನೊಬ್ಬರ ಮೇಲೆ ಹಾಕ್ತಾನೆ ಅಂತಾರೆ. ನೀವು ಹೆಬ್ಬೆಟ್ಟು ಒತ್ತಿದ್ರೆ ಅವನ ಕಥೆ ಅಲ್ಲಿಗೆ ಮುಗೀತು, ನಾನು ಬಚಾವು. ಅದಕ್ಕೇ ಬಂದಿದ್ದು ನಾನು. ನಿಮ್ಮನ್ನ ನೋಡೋಕೆ ಬಂದಿದ್ದಲ್ಲ.

ಹೇಳಾಯ್ತು. ಈಗ ಉಗೀರಿ. ಉಗಿಯೋಕೂ ಆಗಲ್ಲ ಪಾಪ.

...ಏನು ಮಾಡ್ತಿದ್ದೀರಾ?

ಭಾವ, ಪ್ಯಾಡು ಯಾಕೆ ಎಳ್ಕೋತೀರಾ? ಬೇಡ... ಇರಿ. ಇಂಕು ಹಾಸಿಗೆಗೆ ಹತ್ತುತ್ತೆ. ಈಗಷ್ಟೇ ಕಿತ್ತು ಬಿಡಿಸಿದ ಕೈ ಅದು. ಕಾಗದ ಯಾಕೆ ಕೇಳ್ತಿದ್ದೀರಾ? ಅಕ್ಕನಿಗೋಸ್ಕರನಾ? ತಮ್ಮ ಜೈಲಿಗೆ ಹೋದ ಅಂತ ಅವಳು ಎದೆ ಬಡ್ಕೋಬಾರದು ಅಂತನಾ?

ಒತ್ತಿಬಿಡ್ತೀರಾ? ಇಷ್ಟೆಲ್ಲ ಕೇಳಿಸ್ಕೊಂಡ ಮೇಲೂ?

ಇದೇ ನಿಮ್ಮ ರೋಗ. ಇದೇ. ಅವತ್ತೂ ನಾನು ನಾಚ್ಕೋಬಾರದು ಅಂತ ಹಿಂದೆ ನಿಂತ್ರಿ. ಒಂದು ಸಲ ಬೈದಿದ್ರೆ, ಬಸ್ ಹತ್ತೋ ದಡಿಯ ಅಂದಿದ್ರೆ, ಹತ್ತಿ ಕೂತ್ಕೋತಿದ್ದೆ, ನಿಮ್ಮ ದವಡೆ ಉಳೀತಿತ್ತು. ಮೇಲೆ ಅವನು ಬಿದ್ದಿದ್ದಾನೆ ಭಾವ. ಅವನ ಹೆಂಡ್ತಿ ಆ ಚಪ್ಪಲಿ... ಕೈ ತೆಗೀರಿ. ತೆಗೀರಿ ಅಂದೆ ಕಾಗದದ ಮೇಲಿಂದ. ಹರಿದು ಹಾಕ್ತೀನಿ. ನೋಡಿ, ಹರಿದೆ. ಇನ್ನೊಂದು ಸಲ ಹರಿದೆ. ಈಗ ಎಲ್ಲಿ ಒತ್ತುತೀರಾ, ಒತ್ತಿ ನೋಡೋಣ.

ಅಳ್ಬೇಡಿ. ನೀವು ಅತ್ರೆ ನನಗೆ ತಡ್ಕೊಳ್ಳೋಕಾಗಲ್ಲ. ಹೊಡೆದ್ರೆ ತಡ್ಕೋತೀನಿ.

ಬಾಗಿಲು ತಟ್ತಿದ್ದಾರೆ. ಅಕ್ಕ ಅಲ್ಲ, ಬೂಟಿನ ಸದ್ದು.

ಬನ್ನಿ ಸಾರ್, ಒಳಗೆ ಬನ್ನಿ. ಇವರ ಬಾಮೈದ ನಾನು. ಇಲ್ಲಿ ಕೂತ್ಕೊಳ್ಳಿ, ಸ್ಟೂಲ್ ಇದೆ. ಇಂಕ್ ಪ್ಯಾಡ್ ನಾನೇ ತಂದಿದ್ದೀನಿ. ಅವರ ಹೆಬ್ಬೆಟ್ಟು ಬೇಡ ಸಾರ್, ಅವರ ಕೈ ಬಿಡಿ. ನನ್ನದು ತಗೊಳ್ಳಿ.