ಎರಡನೆಯವನಿಗಾಗಿ ಕಾದವನು

ಎಕ್ಸ್-ರೇ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ, ತಮ್ಮ ಕೂತಿದ್ದರು. ತಮ್ಮ ಗೋದಾಮಿನ ಕಾವಲುಗಾರ. ಸಮವಸ್ತ್ರ ಇನ್ನೂ ಮೈಮೇಲಿತ್ತು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಇನ್ನೊಂದು ಕಣ್ಣಿನಿಂದ ಮೊಬೈಲಿನಲ್ಲಿ ಹೊಡೆದಾಟದ ಸಿನಿಮಾ ನೋಡುತ್ತಿದ್ದ.

“ಕಳ್ಳರು ಎಷ್ಟು ಜನ ಇದ್ರು?” ಅಕ್ಕ ಕೇಳಿದಳು.

“ಆರು.”

“ಗೇಟು ಬಿಟ್ಟು ಓಡೋಕೆ ಏನಾಗಿತ್ತು ನಿಂಗೆ?”

“ಕಾಲು ಅಗಲಿಸಿ ನಿಂತೆ. ಕೈ ಹೀಗೆ ಎತ್ತಿ ಹಿಡಿದೆ.”

“ಸಿನಿಮಾದವನ ಥರ.”

“ಹ್ಞೂಂ. ಮೊದಲನೆಯವನಿಗೆ ಸರಿಯಾಗೇ ಬಿತ್ತು, ಅಕ್ಕ.”

“ಆಮೇಲೆ?”

“ಎರಡನೆಯವನು ಬರಲಿ ಅಂತ ಕಾದೆ. ಐದೂ ಜನ ಒಟ್ಟಿಗೆ ಬಂದ್ರು.”

“ಬುದ್ಧಿ ಎಲ್ಲಿ ಮೇಯೋಕೆ ಹೋಗಿತ್ತೋ. ನಿನ್ನ ಭಾವನೂ ಅಲ್ಲೇ ಡ್ಯೂಟಿ ಮೇಲಿದ್ರಲ್ಲ, ಅವರೇನು ಮಾಡ್ತಿದ್ರು?”

“ಓಡೋಣ ಬಾ ಅಂತ ನನ್ನ ತೋಳು ಹಿಡಿದು ಎಳೀತಿದ್ರು.”

ಅಕ್ಕ ತನ್ನ ಗಂಡನನ್ನು ಒಳಗೆ ಕರೆದೊಯ್ದಿದ್ದ ಎದುರಿನ ಆಪರೇಷನ್ ಕೋಣೆಯ ಬಾಗಿಲತ್ತ ನೋಡಿದಳು.

“ಇಷ್ಟೆಲ್ಲ ಆದ ಮೇಲೂ ಅದನ್ನೇ ನೋಡ್ತಾ ಕೂತಿದ್ದೀಯಲ್ಲ.”

“ಇದರಲ್ಲಿ ಕಾಯ್ತಾರೆ ಅಕ್ಕ. ಒಬ್ಬ ಹೊಡೆತ ತಿಂದು ಬೀಳೋವರೆಗೂ ಮಿಕ್ಕವರು ಸುತ್ತ ನಿಂತು ಕಾಯ್ತಾರೆ.”

ಆ ಬಾಗಿಲು ತೆರೆಯಿತು. ನರ್ಸ್ ಕೈಸನ್ನೆ ಮಾಡಿ ಕರೆದಳು. ತಮ್ಮ ಬೆಂಚು ಹಿಡಿದು ಏಳಲು ನೋಡಿದ.

“ನೀನು ಇಲ್ಲೇ ಕಾಯಿ” ಎಂದು ಅಕ್ಕ ಒಬ್ಬಳೇ ಒಳಗೆ ಹೋದಳು.