ಐದರ ಬಸ್ಸು

ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಅರಸೀಕೆರೆ ಬಸ್ಸಿಗೆ ಕಾಯುತ್ತಿದ್ದ ಚೆಲುವಾಂಬ ಟೀಚರಿಗೆ, ಪಕ್ಕದ ಹೆಂಗಸಿನ ಚಡಪಡಿಕೆ ನೋಡಿಯೇ ಸುಸ್ತಾಗಿತ್ತು. ಒಮ್ಮೆ ವಾಚು, ಒಮ್ಮೆ ಇಳಿಯುತ್ತಿದ್ದ ಸೂರ್ಯ, ಮತ್ತೆ ವಾಚು. ಕೊನೆಗೂ ಗಂಡ ನಗುನಗುತ್ತಾ ಬಂದ.

“ಐದರ ಹಳೇಬೀಡು ಬಸ್ಸು ಹೋಯ್ತು ಕಣ್ರೀ.”

“ಇನ್ನೊಂದು ಬರುತ್ತೆ ಬಿಡು, ಜಿನಶ್ರೀ.”

“ಮನೆ ಸೇರೋ ಹೊತ್ತಿಗೆ ಕತ್ತಲಾಗಿರುತ್ತೆ. ಹೊತ್ತು ಮುಳುಗಿದ ಮೇಲೆ ನಾವು ತಿನ್ನೋ ಹಾಗಿಲ್ಲ ಅನ್ನೋದು ಬಸದಿ ಕಂಬಕ್ಕೂ ಗೊತ್ತು. ನಾಲ್ಕೂವರೆಗೆ ಬನ್ನಿ ಅಂತ ಚೀಟೀಲಿ ಬರೆದುಕೊಟ್ಟಿರಲಿಲ್ವಾ?”

“ಚೀಟಿ ಜೇಬಲ್ಲೇ ಇದೆ. ದಾರೀಲಿ ಗೆಳೆಯ ಅಜಿತ್ ಸಿಕ್ಕಿದ, ಮನೆಗೆ ಕರ್ಕೊಂಡು ಹೋದ. ಅವನ ಹೆಂಡ್ತಿ ಹೊತ್ತು ನೋಡಿ ರೊಟ್ಟಿ ಕಟ್ಟಿಕೊಟ್ಟಳು.”

“ಇದಕ್ಕೇ ನಂಗೆ ಮೈಯೆಲ್ಲಾ ಉರಿಯೋದು! ಬೆಳಗ್ಗೆಯಿಂದ ಒಂದೊಂದು ನಿಮಿಷಕ್ಕೂ ನಾನು ಒದ್ದಾಡ್ತೀನಿ. ನೀವು ಏನೂ ಯೋಚನೆ ಮಾಡಲ್ಲ, ಊಟ ತಾನಾಗೇ ಬಂದು ಕೈಗೆ ಬೀಳುತ್ತೆ. ತೆಗೀರಿ.”

ಪೊಟ್ಟಣದಲ್ಲಿ ಒಂದೇ ಒಂದು ಅಕ್ಕಿರೊಟ್ಟಿ ಇತ್ತು.

“ಇಬ್ಬರಿಗೂ ಕೊಡ್ತೀನಿ ಅಂದ್ಲು. ನಾನೇ ಬೇಡ ಅಂದೆ. ನೀನು ಬಸ್ಸು ಬಿಡೋಳಾ? ಐದಕ್ಕೇ ಹತ್ತಿರ್ತೀಯ ಅಂದ್ಕೊಂಡೆ.”

ಐದರ ಬಸ್ಸಿನ ಮೆಟ್ಟಿಲ ತನಕ ಹೋಗಿ, ಕಂಡಕ್ಟರು ಕೂಗುತ್ತಿದ್ದರೂ ಜಿನಶ್ರೀ ತಿರುಗಿ ಬಂದು ಕೂತಿದ್ದನ್ನು ಚೆಲುವಾಂಬ ಕಣ್ಣಾರೆ ಕಂಡಿದ್ದರು.

ಅವಳು ರೊಟ್ಟಿ ಮುರಿದು ಅರ್ಧವನ್ನು ಗಂಡನ ಕೈಗೆ ತುರುಕಿದಳು. “ಹೊತ್ತು ಮುಳುಗೋಕೆ ಇನ್ನು ಹತ್ತೇ ನಿಮಿಷ ಇದೆ. ಮಾತಾಡ್ದೆ ತಿನ್ನಿ.”

ಅಷ್ಟರಲ್ಲಿ ಹಳೇಬೀಡಿನ ಮೇಲೆ ಹೋಗುವ ಅರಸೀಕೆರೆ ಬಸ್ಸು ಬಂತು.

“ಬಸ್ಸು ಕಣೇ!”

“ಹೋಗ್ಲಿ. ನೀವು ತಿನ್ನಿ.”

ಚೆಲುವಾಂಬ ಒಬ್ಬರೇ ಹತ್ತಿದರು.